ಐವತ್ತು ರೂಪಾಯಿಯ ದೆವ್ವ

ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2022ರಲ್ಲಿ ಆಯಿತು, ಮತ್ತೆ 2024ರ ಮಾರ್ಚಿನಲ್ಲಿ ಆಯಿತು. ಐದು ದಿನ ಊರಿಗೆ ನಿದ್ದೆ ಇರುವುದಿಲ್ಲ. ಮೊದಲ ದಿನ ಅಮ್ಮ ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರುತ್ತಾಳೆ. ಮಡಿಲು ತುಂಬಲು ಬಂದ ಹೆಂಗಸರ ಸಾಲು ಬೆಳಗಿನ ಜಾವದಿಂದಲೇ ಬೆಳೆಯುತ್ತದೆ. ಆಮೇಲೆ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ಬರುತ್ತಾಳೆ, ಕೊನೆಯ ದಿನ ಕಾಡಿಗೆ ಹೊರಡುತ್ತಾಳೆ. ಸಿಡುಬು, ಪ್ಲೇಗು, ಕಾಲರಾ ಬಂದಾಗ ಊರಿಗೆ ಊರೇ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡ ಕಾಲದ ಭಯಕ್ಕೆ ಕಣ್ಣು, ಮೂಗು, ಸೀರೆ, ಬಳೆ ಕೊಟ್ಟು ಕೂರಿಸಿದ ತಾಯಿ ಅವಳು. ಅವಳ ಎದುರು ನಿಂತ ಮುದುಕಿಯರು ಏನನ್ನೂ ಬೇಡುವುದಿಲ್ಲ. ಬರಬೇಡ ತಾಯಿ, ಬಂದರೆ ತಣ್ಣಗೆ ಬಾ ಎನ್ನುತ್ತಾರೆ.

ಅದೇ ಜಾತ್ರೆಯ ನೆಪದಲ್ಲಿ ಊರಿಗೆ ಇನ್ನೊಂದು ಹೆದರಿಕೆಯೂ ಲಾರಿ ಹತ್ತಿ ಬರುತ್ತದೆ. ತಿರುಗುವ ತೊಟ್ಟಿಲು, ಸಾವಿನ ಬಾವಿಯೊಳಗಿನ ಬೈಕು, ಮೆಣಸಿನಕಾಯಿ ಬಜ್ಜಿಯ ಬಾಣಲೆ, ಇವುಗಳ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ತಗಡು ಹೊಡೆದು ಕರಿ ಟಾರ್ಪಾಲು ಹೊದಿಸಿದ ಭೂತಬಂಗಲೆ. ಮುಂದೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ, ಅಕ್ಷರದಿಂದ ತೊಟ್ಟಿಕ್ಕುವ ಕೆಂಪು ಬಣ್ಣ, ನಾಲಗೆ ಚಾಚಿದ ಹೆಂಗಸು, ತಲೆಬುರುಡೆ, ಹಾಲಿವುಡ್ ಸಿನಿಮಾದಿಂದ ಎತ್ತಿಕೊಂಡ ಯಾವುದೋ ಮುಖವಾಡ. ಧ್ವನಿವರ್ಧಕದಲ್ಲಿ ಒಂದೇ ಕಿರುಚಾಟ ಮತ್ತೆ ಮತ್ತೆ. ತಲೆಗೆ ಐವತ್ತು ರೂಪಾಯಿ, ಮಕ್ಕಳಿಗೂ ಅಷ್ಟೇ. ಇದ್ಯಾವ ನ್ಯಾಯ ಎಂದು ಕೇಳಿದ ತಾಯಿಗೆ ಟಿಕೆಟ್ಟಿನವ, 'ಹೆದ್ರೋದು ಅವ್ರೇ ಜಾಸ್ತಿ ಅಕ್ಕಾ' ಎಂದ. ಒಪ್ಪಬೇಕಾದ ಮಾತೇ.

ಒಂದೇ ಜಾತ್ರೆಯಲ್ಲಿ ಎರಡು ಭಯ. ಒಂದಕ್ಕೆ ಕೈಮುಗಿದು ದೂರ ಇರು ಎನ್ನುತ್ತೇವೆ, ಇನ್ನೊಂದಕ್ಕೆ ಕಾಸು ಕೊಟ್ಟು ಒಳಗೆ ಬಿಡು ಎನ್ನುತ್ತೇವೆ. ಎರಡನೆಯದು ಹೇಗೆ ಹುಟ್ಟಿತು ಎನ್ನುವುದೇ ನನಗೆ ಹಲವು ವರ್ಷಗಳಿಂದ ಬೆರಗು.

2024ರ ಸಲ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಒಂಬತ್ತು ವರ್ಷದವನು, ಮೊಬೈಲಿನಲ್ಲಿ ನಾನು ಕಂಡು ಕೇಳರಿಯದ ರಾಕ್ಷಸರನ್ನೆಲ್ಲ ಹೊಡೆದುರುಳಿಸಿದವನು. ಬಾಗಿಲ ಪರದೆಯ ಮುಂದೆ ನಿಂತು ನನಗೆ ಸಮಾಧಾನ ಹೇಳುವ ಧಾಟಿಯಲ್ಲಿ, 'ಮಾವ, ಒಳಗಿರೋದು ಸುಳ್ಳು ದೆವ್ವ. ವೇಷ ಹಾಕಿರ್ತಾರೆ ಅಷ್ಟೇ, ನಂಗೆ ಗೊತ್ತು' ಎಂದ. ಹೌದಪ್ಪ ಎಂದೆ. 'ಆದ್ರೂ ನೀನೇ ಮುಂದೆ ಹೋಗು.'

ಈ 'ಆದ್ರೂ' ಇದೆಯಲ್ಲ, ಪಂಡಿತರು ಬರೆದ ಎಷ್ಟೋ ಪುಟ ಇದರ ಸುತ್ತಲೇ ಸುತ್ತಿದೆ. ಸುಳ್ಳೆಂದು ಗೊತ್ತಿದ್ದೂ ಮೈ ನವಿರೇಳುತ್ತದೆ. ಗೊತ್ತಿರುವುದು ಬುದ್ಧಿಗೆ, ಏಳುವುದು ರೋಮ. ಇವೆರಡೂ ಒಂದನ್ನೊಂದು ಕೇಳಿ ನಡೆಯುವವಲ್ಲ.

ಒಳಗೆ ಇರುವುದಾದರೂ ಏನು? ಕಿರಿದಾದ ಓಣಿ, ಓಣಿಗೆ ಐದಾರು ತಿರುವು, ಪ್ರತಿ ತಿರುವಿಗೆ ಒಂದು ದೆವ್ವ. ಕಾಲಡಿಯ ಹಲಗೆ ಒಂದು ಕಡೆ ಬೇಕೆಂದೇ ಸಡಿಲ. ಮುಖಕ್ಕೆ ತಾಗುವ ಹಾಗೆ ಇಳಿಬಿಟ್ಟ ಒದ್ದೆ ನೂಲು. ಕೆಂಪು ಬಲ್ಬಿನ ಕೆಳಗೆ ಶವಪೆಟ್ಟಿಗೆ, ಅದರ ಮುಚ್ಚಳಕ್ಕೆ ಕಟ್ಟಿದ ಹಗ್ಗ ಗೋಡೆಯ ಆಚೆ ಹೋಗಿರುವುದು ಕಣ್ಣಿಟ್ಟು ನೋಡಿದರೆ ಕಾಣುತ್ತದೆ. ಆದರೆ ಅಲ್ಲಿ ಕಣ್ಣಿಟ್ಟು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ನಾನು ಗಮನಿಸಿದ್ದು ಒಂದೇ: ಯಾವ ಜಾಗದಲ್ಲಿ ನಿಂತರೂ ಎರಡು ದೆವ್ವ ಒಟ್ಟಿಗೆ ಕಾಣುವುದಿಲ್ಲ. ಒಂದನ್ನು ಕಂಡು ಕಿರುಚಿ, ಮುಂದೇನು ಎಂದು ತಿರುವಿನಲ್ಲಿ ತಡವರಿಸುವ ಆ ನಾಲ್ಕು ಹೆಜ್ಜೆ ಇದೆಯಲ್ಲ, ಅಲ್ಲಿ ಯಾವ ವೇಷವೂ ಇಲ್ಲ, ಬೆಳಕೂ ಇಲ್ಲ. ಬಂಗಲೆಯಲ್ಲಿ ಅತಿ ಹೆಚ್ಚು ಹೆದರಿಸುವ ಜಾಗ ಅದೇ. ಅದಕ್ಕೆ ಮಾಲೀಕ ಒಂದು ಪೈಸೆಯನ್ನೂ ಖರ್ಚು ಮಾಡಿಲ್ಲ.

ಚಿತ್ರಕಥೆ ಓದುವವರಿಗೆ ಈ ನಾಲ್ಕು ಹೆಜ್ಜೆಯ ಗುರುತು ಚೆನ್ನಾಗಿಯೇ ಇರುತ್ತದೆ. ಒಂದು ಚೌಕದಲ್ಲಿ ಎತ್ತಿದ ಕೊಡಲಿ, ಮುಂದಿನ ಚೌಕದಲ್ಲಿ ಊರ ಮೇಲಿನ ಕತ್ತಲ ಆಕಾಶ ಮತ್ತು ಒಂದು ಚೀತ್ಕಾರ. ಎರಡರ ನಡುವೆ ಬೆರಳಿನಷ್ಟೂ ಅಗಲವಿಲ್ಲದ ಬಿಳಿ ಪಟ್ಟಿ. ಏಟು ಬಿದ್ದದ್ದು ಆ ಬಿಳಿಯಲ್ಲಿ, ಹಾಕಿದವನು ಓದುಗ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ ಕಾಮಿಕ್ಸ್ ಎಂಬ ಕಲೆಯನ್ನೇ ಕಾಮಿಕ್ಸ್ ರೂಪದಲ್ಲಿ ವಿವರಿಸಿ 1993ರಲ್ಲಿ ಬರೆದ ಪುಸ್ತಕದಲ್ಲಿ ಇಂಥದೇ ಉದಾಹರಣೆ ಕೊಟ್ಟು, ಕೊಲೆಯಲ್ಲಿ ಓದುಗನೂ ಪಾಲುದಾರ ಎನ್ನುತ್ತಾನೆ. ಜಾತ್ರೆಯ ತಗಡಿನ ಓಣಿಯನ್ನು ಕಟ್ಟಿದವನು ಆ ಪುಸ್ತಕ ಓದಿರಲಾರ. ಅವನ ಕೈಗೆ ಅದು ಕಸುಬಿನಿಂದಲೇ ಬಂದಿರಬೇಕು.

ದೆವ್ವದ ಮನೆಗೂ ದೆವ್ವದ ಚಿತ್ರಕಥೆಗೂ ನಂಟು ಹಳೆಯದು. ಅಮೆರಿಕದ ಅನಾಹೈಮಿನ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ಹಾಂಟೆಡ್ ಮ್ಯಾನ್ಶನ್ ಬಾಗಿಲು ತೆರೆಯಿತು. ಅಲ್ಲಿ 999 ಭೂತಗಳಿವೆ, ಸಾವಿರ ತುಂಬಲು ಒಂದು ಜಾಗ ಖಾಲಿ ಇದೆ, ಬರುತ್ತೀರಾ ಎಂದು ಬಂದವರನ್ನೇ ಕರೆಯುವುದು ಆ ಮನೆಯ ತಮಾಷೆ. 2005ರ ಹೊತ್ತಿಗೆ ಅದೇ ಮನೆಯ ಭೂತಗಳನ್ನು ಹಿಡಿದು ಅಲ್ಲಿಯ ಒಂದು ಸಣ್ಣ ಪ್ರಕಾಶನ ಕಾಮಿಕ್ಸ್ ಸಂಕಲನವನ್ನೇ ಶುರು ಮಾಡಿತು. ಬೇರೆ ಬೇರೆ ಕಲಾವಿದರು, ಬೇರೆ ಬೇರೆ ಕಥೆ, ಎಲ್ಲದಕ್ಕೂ ಸೂರು ಮಾತ್ರ ಒಂದೇ. ಅಲ್ಲಿ ಮೊದಲು ಕಟ್ಟಡ ಎದ್ದಿತು, ಕಥೆ ಆಮೇಲೆ ಬಂದು ಬಾಡಿಗೆಗೆ ಸೇರಿತು. ನಮ್ಮಲ್ಲಿ ತಿರುಗುಮುರುಗು. ಕಥೆಗಳು ಹಿಂಡು ಹಿಂಡಾಗಿ ಇದ್ದವು, ಅವಕ್ಕೆ ತಗಡಿನ ಗೋಡೆ ಬಂದದ್ದು ನಿನ್ನೆ ಮೊನ್ನೆ.

ಆ ಮ್ಯಾನ್ಶನ್ನಿನ ಊಟದ ಹಾಲಿನಲ್ಲಿ ಕುಣಿಯುವ ಪಾರದರ್ಶಕ ಭೂತಗಳ ಗುಟ್ಟು ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬ ವಿಜ್ಞಾನದ ಮೇಷ್ಟರು ರಂಗದ ಮೇಲೆ ತೋರಿಸಿ ಹೆಸರು ಮಾಡಿದ ಉಪಾಯ ಅದು. ಇದರದೇ ಒಬ್ಬ ಬಡ ತಮ್ಮ ನಮ್ಮ ಜಾತ್ರೆಗೂ ಬರುತ್ತಿದ್ದ. ದೇಹವಿಲ್ಲದ ಹುಡುಗಿ! ಮೂರು ಕಾಲಿನ ಮೇಜು, ಮೇಲೊಂದು ತಟ್ಟೆ, ತಟ್ಟೆಯಲ್ಲಿ ಜೀವಂತ ತಲೆ. ಕೆಲವು ಕಡೆ ಆ ತಲೆಗೆ ಹಾವಿನ ಮೈ ಅಂಟಿಸಿ ನಾಗಕನ್ಯೆ ಎನ್ನುತ್ತಿದ್ದರು. ಮೇಜಿನ ಕೆಳಗೆ ಗೋಡೆ ಕಾಣುತ್ತಿತ್ತು, ಅಲ್ಲಿ ಯಾರೂ ಇಲ್ಲ. ನಿಜವಾಗಿ ಕಾಣುತ್ತಿದ್ದದ್ದು ಹಿಂದಿನ ಗೋಡೆಯಲ್ಲ. ಕಾಲುಗಳ ನಡುವೆ ಓರೆಯಾಗಿ ಇಟ್ಟ ಕನ್ನಡಿಗಳಲ್ಲಿ ಬಿದ್ದ ಪಕ್ಕದ ಗೋಡೆಗಳು. ಕನ್ನಡಿಯ ಹಿಂದೆ ಹುಡುಗಿ ಮಂಡಿ ಮಡಚಿ ಕೂತಿರುತ್ತಾಳೆ. ಇದನ್ನೂ 1865ರಲ್ಲಿ ಲಂಡನ್ನಿನಲ್ಲೇ ಮೊದಲು ತೋರಿಸಿದ್ದು. ಸಾವಿರಾರು ಮೈಲಿ ದಾಟಿ, ಯಾರ ಕೈಯಿಂದ ಯಾರ ಕೈಗೆ ಬಂತೋ, ಕೊನೆಗೆ ನಮ್ಮ ಊರಿನ ಹುಡುಗಿಯ ತಲೆ, 'ನಿನ್ನ ಹೆಸರೇನು ಮಗಳೇ' ಎಂದರೆ 'ಸರಸ್ವತಿ' ಎನ್ನುವಷ್ಟು ಒಗ್ಗಿಕೊಂಡಿತು.

ಚಿಕ್ಕವನಿದ್ದಾಗ ಕನ್ನಡಿಯ ಗುಟ್ಟನ್ನು ಅಣ್ಣನೊಬ್ಬ ಹೇಳಿಕೊಟ್ಟಿದ್ದ. ಗುಟ್ಟು ತಿಳಿದ ಮೇಲೆ ಬೆರಗು ಹೋಗುತ್ತದೆ ಎಂಬ ಮಾತಿದೆ. ನನಗೆ ಹಾಗಾಗಲಿಲ್ಲ. ಬೆರಗು ಜಾಗ ಬದಲಿಸಿತು, ಅಷ್ಟೇ. ತಲೆಯ ಮೇಲಿದ್ದದ್ದು ಕನ್ನಡಿಯ ಹಿಂದಿನ ಮಂಡಿಗಳ ಮೇಲೆ ಹೋಯಿತು. ಎಷ್ಟು ಹೊತ್ತು ಹಾಗೇ ಕೂರುತ್ತಾಳೆ, ಕಾಲು ಜೋಮು ಹಿಡಿದರೆ ಏನು ಮಾಡುತ್ತಾಳೆ, ಸೊಳ್ಳೆ ಕಚ್ಚಿದರೆ? ಶಿವಮೊಗ್ಗದ ಮಾರ್ಚಿನ ಸೊಳ್ಳೆಗಳನ್ನು ಬಲ್ಲವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಭರತಮುನಿ ತನ್ನ ನಾಟ್ಯಶಾಸ್ತ್ರದಲ್ಲಿ ರಸಗಳ ವಂಶಾವಳಿ ಕೊಡುತ್ತಾನೆ. ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ, ವೀರದಿಂದ ಅದ್ಭುತ, ಬೀಭತ್ಸದಿಂದ ಭಯಾನಕ. ಬಣ್ಣವನ್ನೂ ಹಚ್ಚುತ್ತಾನೆ: ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ. ಭಯಾನಕದ ದೇವತೆ ಕಾಲ, ಅದ್ಭುತದ ದೇವತೆ ಬ್ರಹ್ಮ. ಅಲ್ಲಿಗೆ ಈ ಎರಡು ಬೇರೆ ಬೇರೆ ಮನೆತನದವು, ಸಂಬಂಧವೇ ಇಲ್ಲ. ಮುನಿಯ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ವಂಶಾವಳಿ ಜಾತ್ರೆಯ ಮೈದಾನದಲ್ಲಿ ನಿಲ್ಲುವುದಿಲ್ಲ. ವೀರರಸದ ಯುದ್ಧವನ್ನು ನೋಡಿ ನಾನು ಚಪ್ಪಾಳೆ ತಟ್ಟಿದ್ದೇನೆ, ಬಾಯಿ ತೆರೆದು ನಿಂತಿಲ್ಲ. ಬಾಯಿ ತೆರೆಯುವುದು ಬೆನ್ನಲ್ಲಿ ಚಳಿ ಹರಿದ ಮರುಗಳಿಗೆಯಲ್ಲಿ. ನಮ್ಮ ಯಕ್ಷಗಾನದವರು ಇದನ್ನು ಬಲ್ಲರು. ಬಣ್ಣದ ವೇಷ ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದಿನ ಕತ್ತಲಲ್ಲಿ ಮೊದಲು ಒಂದು ಆರ್ಭಟ, ದೊಂದಿಗೆ ಎರಚಿದ ರಾಳದ ಪುಡಿಯ ಭಗ್ಗೆನ್ನುವ ಜ್ವಾಲೆ, ಮಕ್ಕಳು ಅಮ್ಮನ ಸೆರಗಿನೊಳಗೆ. ಸೆರಗಿನ ಸಂದಿಯಿಂದ ಇಣುಕುವ ಆ ಕಣ್ಣಲ್ಲಿ ಕಪ್ಪೆಷ್ಟು, ಹಳದಿ ಎಷ್ಟು ಎಂದು ಬೇರ್ಪಡಿಸುವುದು ಯಾವ ಮುನಿಗೂ ಆಗದ ಕೆಲಸ. ಭೂತಬಂಗಲೆಯ ಬೋರ್ಡು ಬರೆದ ಪೇಂಟರ್ ಮಾತ್ರ ಎರಡನ್ನೂ ಒಟ್ಟಿಗೆ ಬಳಿದಿದ್ದ.

ಹಾಗಾದರೆ ನಿಜವಾದ ಭಯವೆಲ್ಲ ಬೆರಗಾಗುತ್ತದೆಯೇ? ಇಲ್ಲ. ಮಾರಿಯ ಮುಂದೆ ನಿಂತ ಮುದುಕಿಯದು ಬೆರಗಲ್ಲ. ಮನೆಯಲ್ಲಿ ಜ್ವರದಿಂದ ಮಲಗಿದ ಮಗುವಿನ ಪಕ್ಕ ಕೂತವರದೂ ಅಲ್ಲ. ಭಯ ಬೆರಗಾಗಬೇಕಾದರೆ ಅದಕ್ಕೊಂದು ಹೊರಬಾಗಿಲು ಇರಬೇಕು, ಅದು ಎಲ್ಲೋ ಮುಂದೆ ಇದೆ ಎಂಬುದು ನಮಗೆ ತಿಳಿದಿರಬೇಕು, ಆದರೆ ಎಲ್ಲಿ ಎಂದು ತಿಳಿದಿರಬಾರದು. ಪುಸ್ತಕಕ್ಕೆ ಆ ಬಾಗಿಲು ಕೊನೆಯ ಪುಟ. ಸಂಕಲನವಾದರೆ ಪ್ರತಿ ಕಥೆಗೂ ಒಂದೊಂದು.

ನಮ್ಮ ಪೀಳಿಗೆಗೆ ಆ ಬಾಗಿಲು ತೋರಿಸಿಕೊಟ್ಟದ್ದು ಬೇತಾಳ. ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳನ ಕಥೆ ಇಪ್ಪತ್ತೈದು. ನಲವತ್ತರ ದಶಕದ ಕೊನೆಯಿಂದ ಕನ್ನಡದಲ್ಲೂ ಬರತೊಡಗಿದ 'ಚಂದಮಾಮ'ಕ್ಕೆ ಇಪ್ಪತ್ತೈದು ಎಲ್ಲಿ ಸಾಕು? ಹಳೆಯವು ಮುಗಿದ ಮೇಲೆ ಹೊಸ ಹೊಸ ಕಥೆಗಳನ್ನು ಬರೆಸಿ ಅದೇ ಹೆಣದ ಬಾಯಿಗೆ ಇಟ್ಟರು. ದಶಕಗಟ್ಟಲೆ, ತಿಂಗಳಿಗೊಮ್ಮೆ, ಅದೇ ಸ್ಮಶಾನ, ಅದೇ ಮರ, ರಾಜ ವಿಕ್ರಮನ ಹೆಗಲ ಮೇಲೆ ಅದೇ ಹೆಣ. 1952ರಲ್ಲಿ ಚಂದಮಾಮ ಸೇರಿದ ಕಲಾವಿದ ಶಂಕರ್, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್, ಆ ಶೀರ್ಷಿಕೆ ಚಿತ್ರ ಬರೆದರು. ಒಂದು ಕೈಯಲ್ಲಿ ಬಿಚ್ಚುಗತ್ತಿ, ಹೆಗಲಿನಿಂದ ಜೋಲುವ ಬಿಳಿ ದೇಹ, ಕಾಲ ಬಳಿ ತಲೆಬುರುಡೆಗಳು. ರಾಜನ ಮುಖದಲ್ಲಿ ಹೆದರಿಕೆ ಎಳ್ಳಷ್ಟೂ ಇಲ್ಲ. ಬೇರೆ ಕಡೆ ನೋಡುತ್ತಿದ್ದಾನೆ, ಯಾವುದೋ ಲೆಕ್ಕ ಹಾಕುತ್ತಿರುವವನ ಹಾಗೆ. 2020ರಲ್ಲಿ ಅವರು ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ಜನ ಜ್ಞಾಪಿಸಿಕೊಂಡದ್ದು ಆ ಒಂದು ಚಿತ್ರವನ್ನು.

ಇಲ್ಲೊಂದು ತಮಾಷೆ ಇದೆ. 1950ರಲ್ಲಿ ಅಮೆರಿಕದಲ್ಲಿ ಇ.ಸಿ. ಕಾಮಿಕ್ಸಿನವರ 'ಟೇಲ್ಸ್ ಫ್ರಮ್ ದ ಕ್ರಿಪ್ಟ್' ಮಾದರಿಯ ದೆವ್ವದ ಪತ್ರಿಕೆಗಳು ಶುರುವಾದವು. ಗೋರಿ ಕಾಯುವ ಮುದುಕನೊಬ್ಬ ಹಲ್ಲುಕಿರಿದು ಕಥೆ ಹೇಳುತ್ತಿದ್ದ. 1954ರ ಹೊತ್ತಿಗೆ ಮಕ್ಕಳು ಕೆಡುತ್ತಾರೆ ಎಂದು ಅಲ್ಲಿನ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು, ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮ ಹಾಕಿಕೊಂಡರು, ಆ ಪತ್ರಿಕೆಗಳು ನಿಂತವು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಅಜ್ಜಿಯರು ಹೆಣ, ಸ್ಮಶಾನ, ಬುರುಡೆಗಳ ಪುಟವನ್ನು ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದರು. ಅಡ್ಡಿ ಮಾಡಿದವರಿಲ್ಲ. ಕೊನೆಯಲ್ಲಿ ಬೇತಾಳ ಧರ್ಮಸೂಕ್ಷ್ಮದ ಪ್ರಶ್ನೆ ಕೇಳುತ್ತಿದ್ದನಲ್ಲ! ಹೆಣ ನೀತಿ ಹೇಳಿದರೆ ನಮ್ಮಲ್ಲಿ ಅದು ಹೆಣವಲ್ಲ, ಗುರು.

ಇನ್ನು ತೊಂಬತ್ತರ ದಶಕ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಕಾಲ. ರಾತ್ರಿ ಹೊತ್ತು ದೆವ್ವ ಬಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು, ಬಾಗಿಲ ಮೇಲೆ ಬರೆದರೆ ಓದಿಕೊಂಡು ಹಿಂದಿರುಗುತ್ತದೆ ಎಂದು ಕರ್ನಾಟಕದ ಊರೂರಿನಲ್ಲಿ ಸೀಮೆಸುಣ್ಣ, ಇದ್ದಿಲು ಕೈಗೆತ್ತಿಕೊಂಡರು. ಅಕ್ಷರ ಬಲ್ಲ ದೆವ್ವ, ಮೇಲಾಗಿ ಬರೆದದ್ದಕ್ಕೆ ಬೆಲೆ ಕೊಡುವ ದೆವ್ವ. ಪ್ರತಿ ರಾತ್ರಿ ಅದು ಮರ್ಯಾದೆಯಿಂದ ನಾಳೆಗೆ ಮುಂದೂಡಿಸಿಕೊಂಡು ಹೋಗುತ್ತಿತ್ತು. ಆ ಕಥೆಯನ್ನು ಕಟ್ಟಿದ ಅನಾಮಿಕ ಯಾರೇ ಆಗಿರಲಿ, ಧಾರಾವಾಹಿಯ ಮರ್ಮ ತಿಳಿದವನು. ವಾರಪತ್ರಿಕೆಗಳು ಪುಟದ ಕೊನೆಯಲ್ಲಿ ನಮಗೆ ಹೇಳುತ್ತಿದ್ದದ್ದನ್ನೇ ನಾವು ಬಾಗಿಲಲ್ಲಿ ದೆವ್ವಕ್ಕೆ ಹೇಳಿದೆವು.

ಭೂತಬಂಗಲೆಯ ಹೊರಬಾಗಿಲು ಹಿಂಭಾಗದಲ್ಲಿತ್ತು. ಅಲ್ಲಿ ಒಂದು ದೆವ್ವ ಮುಖವಾಡವನ್ನು ನೆತ್ತಿಗೆ ಸರಿಸಿ, ಕಾಗದದ ಪೊಟ್ಟಣದಿಂದ ಖಾರ ಮಂಡಕ್ಕಿ ತಿನ್ನುತ್ತಿತ್ತು. ಹದಿನೆಂಟು ಇಪ್ಪತ್ತರ ಹುಡುಗ, ಹಾವೇರಿ ಕಡೆಯವನು. ಬೆವರಿಗೆ ಕಾಡಿಗೆ ಇಳಿದು ಕತ್ತಿನವರೆಗೂ ಬಂದಿತ್ತು. ತಂಗಿಯ ಮಗ ಅವನನ್ನು ಕಣ್ಣು ಕಿತ್ತುಬರುವಂತೆ ನೋಡಿದ. ಒಳಗೆ ದೆವ್ವ ಕಂಡಾಗ ಅಷ್ಟು ಹೊತ್ತು ನೋಡಿರಲಿಲ್ಲ. ಕೆಲಸ ಕಷ್ಟವೇನಪ್ಪ ಎಂದೆ. 'ಅಂಜೋರ ಬಂದ್ರ ಏನೂ ತ್ರಾಸಿಲ್ರೀ ಸರ. ನಗೋರು ಬರ್ತಾರ ನೋಡ್ರಿ, ಅವ್ರದ ತ್ರಾಸು. ಕುಡುದು ಬಂದವ್ರು ದೆವ್ವಕ್ಕ ಹೊಡೀತಾರ.' ಮುಂದಿನ ಊರು ಶಿರಸಿ ಎಂದ. ಅಲ್ಲಿಯ ಮಾರಿಕಾಂಬೆಯ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ, ಆ ಸಲ ನಮ್ಮದು ಮುಗಿದ ಕೆಲವೇ ದಿನಕ್ಕೆ ಇತ್ತು. ಮಾತಾಡುವಾಗ ನನ್ನ ಕಣ್ಣು ಅವನ ತಲೆಯ ಮೇಲೆ ಹೋಯಿತು. ತಗಡಿನ ಚೌಕಟ್ಟಿಗೆ ದಾರ ಕಟ್ಟಿ ನಿಂಬೆಹಣ್ಣು, ಏಳು ಮೆಣಸಿನಕಾಯಿ, ಒಂದು ಇದ್ದಿಲ ಚೂರು ತೂಗುಬಿಟ್ಟಿದ್ದರು. ಸುಳ್ಳು ದೆವ್ವಗಳ ಮನೆಗೆ ನಿಜವಾದ ದೃಷ್ಟಿ ತಾಗಬಾರದು!

ಇಂಥದ್ದೊಂದು ಜಾತ್ರೆಯನ್ನೇ ಸೂರು ಮಾಡಿಕೊಂಡು ಕನ್ನಡದಲ್ಲಿ ಒಂದು ದೆವ್ವದ ಚಿತ್ರಕಥೆಗಳ ಸಂಕಲನ ಬರಬೇಕು ಎಂಬುದು ನನ್ನ ಆಸೆ. ಸಾಮಗ್ರಿಗೆ ಏನು ಬರ? ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟನ್ನು ಕುವೆಂಪು 'ರಕ್ತಾಕ್ಷಿ'ಯಾಗಿಸಿ ಡೆನ್ಮಾರ್ಕಿನಿಂದ ನಮ್ಮ ಬಿದನೂರಿಗೆ ಕರೆತಂದ ಜಿಲ್ಲೆ ಇದು. ಗದ್ದೆಯಂಚಿನ ಚೌಡಿ, ದಾರಿ ತಪ್ಪಿಸುವ ಕೊಳ್ಳಿದೆವ್ವ, ಊರಾಚೆಯ ಭೂತಪ್ಪನ ಕಲ್ಲು, ಒಳಗೆ ಕಾಲಿಡಬಾರದ ನಾಗರಬನ. ಆದರೆ ಇವೆಲ್ಲ ಕತ್ತಲೆಯ ಕಾಡನ್ನು ಬೇಡುವ ಜೀವಗಳು. ಕಾನಿನಲ್ಲಿ ಹಗಲು ಎರಡು ಗಂಟೆಗೇ ಸಂಜೆ. ನೂರು ಬಗೆಯ ಮರ, ಒಂದೊಂದರ ಸದ್ದು ಒಂದೊಂದು ಬಗೆ. ಈಗ ಮಲೆನಾಡಿನ ಎಷ್ಟೋ ಗುಡ್ಡಗಳ ಮೇಲೆ ಸಾಲು ಹಿಡಿದು ನಿಂತಿರುವುದು ಅಕೇಶಿಯಾ. ಅದರ ಕೆಳಗೆ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ, ದೆವ್ವವೂ ಹುಟ್ಟುವುದಿಲ್ಲ. ಅಕೇಶಿಯಾ ಪ್ಲಾಂಟೇಶನ್ನಿನಲ್ಲಿ ದೆವ್ವ ಕಂಡೆ ಎಂದವರನ್ನು ನಾನಂತೂ ಕಂಡಿಲ್ಲ.

ಆ ಅಕೇಶಿಯಾ ಬೆಳೆದದ್ದು ಬಹುಪಾಲು ಭದ್ರಾವತಿಯ ಕಾಗದಕ್ಕಾಗಿ. ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಮಹಾರಾಜರ ಕಾಲದಲ್ಲಿ ಸ್ಥಾಪನೆಯಾಯಿತು, ಎಂಬತ್ತರ ದಶಕದಲ್ಲಿ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟನ್ನೂ ತಯಾರಿಸತೊಡಗಿತು. ಬಿದಿರು, ನೀಲಗಿರಿ, ಅಕೇಶಿಯಾ, ಕಬ್ಬಿನ ಸಿಪ್ಪೆ ಅಲ್ಲಿ ಬೆಂದು ತಿಳಿಯಾಗಿ ಸುರುಳಿ ಸುತ್ತಿಕೊಂಡು ಹೊರಬರುತ್ತಿದ್ದವು. 2015ರಲ್ಲಿ ಉತ್ಪಾದನೆ ನಿಂತಿತು. ಕಾಗದನಗರದ ಖಾಲಿ ವಸತಿಗೃಹಗಳ ಮುಂದೆ ಹಾಯ್ದರೆ, ಭೂತಬಂಗಲೆಯ ಮಾಲೀಕ ಲಕ್ಷಗಟ್ಟಲೆ ಸುರಿದರೂ ತರಲಾಗದ ವಾತಾವರಣ. ಅಲ್ಲಿ ದುಡಿದು ನಿವೃತ್ತರಾದ ಪರಿಚಿತರೊಬ್ಬರನ್ನು ಕೇಳಿದ್ದೆ, ರಾತ್ರಿ ಪಾಳಿಯಲ್ಲಿ ಏನಾದರೂ ಕಂಡದ್ದುಂಟೇ ಎಂದು. ಅವರು ನಕ್ಕರು. 'ಮೂರು ಪಾಳಿ, ಆ ಮಿಷನ್ ಸದ್ದು, ಆ ಲೈಟು. ದೆವ್ವಕ್ಕೆ ಬಿಡುವು ಎಲ್ಲಿತ್ತು ಮಾರಾಯ್ರೆ? ಈಗ ಬೇಕಾದ್ರೆ ಬಂದಿರಬಹುದು.'

ನನ್ನ ಸಂಕಲನದ ಕೊನೆಯ ಕಥೆಗೆ ಇದು ಸಾಕು. ಇದನ್ನು ಬೇತಾಳನೇ ಹೇಳಬೇಕು, ಹೆಗಲ ಮೇಲೆ ಜೋತುಬಿದ್ದು, ಪ್ರಶ್ನೆಯ ಸಮೇತ: ರಾಜಾ, ಒಬ್ಬ ಕಾಡು ಕಡಿದು ದೆವ್ವಕ್ಕೆ ಮನೆಯಿಲ್ಲದಂತೆ ಮಾಡಿದ. ಒಬ್ಬ ಆ ಜಾಗದ ಮರವನ್ನು ಕಾಗದ ಮಾಡಿದ. ಒಬ್ಬ ಆ ಕಾಗದದ ಮೇಲೆ ದೆವ್ವದ ಚಿತ್ರ ಬರೆದ. ಒಬ್ಬಳು ಹುಡುಗಿ ಅದನ್ನು ಓದಿ ಹೆದರಿ ದೀಪ ಆರಿಸದೆ ಮಲಗಿದಳು. ಈಗ ದೆವ್ವ ತನಗೊಂದು ಮನೆ ಕೊಡಿ ಎಂದು ಬಂದಿದೆ. ಯಾರ ಮನೆಗೆ ಕಳಿಸುವುದು ನ್ಯಾಯ?

ವಿಕ್ರಮ ಏನೆನ್ನುತ್ತಿದ್ದನೋ. ನನ್ನನ್ನು ಕೇಳಿದರೆ ಹುಡುಗಿಯ ಮನೆಗೆ. ಉಳಿದ ಮೂವರೂ ಅದರಿಂದ ಏನೋ ಒಂದು ಲಾಭ ಪಡೆದರು, ಅವಳೊಬ್ಬಳೇ ಅದನ್ನು ನಂಬಿದ್ದು. ಈ ತೀರ್ಪನ್ನು ತಂಗಿಯ ಮಗನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಕಾಡು ಕಡಿದವನ ಮನೆಗೇ ಹೋಗಬೇಕಂತೆ, ಅದೂ ರಾತ್ರಿ, ಕರೆಂಟು ಹೋದಾಗ.